ಇಪ್ಪತ್ತೈದು ಕಿಲೋ

ಶಿಮ್ಶಾಲಿನ ನಮ್ಮ ಮನೆಯ ಕಂಬದ ಮೊಳೆಗೆ
ಸ್ಪ್ರಿಂಗ್ ತಕ್ಕಡಿ ತೂಗುತ್ತಿದೆ. ಅರ್ಧ ಕಿಲೋ ಹೆಚ್ಚು ತೋರಿಸುತ್ತೆ.
ಸರ್ದಾರನಿಗೂ ಗೊತ್ತು, ಸುಮ್ಮನಿದ್ದಾನೆ, ಒಳ್ಳೆಯವನು.
ಹನ್ನೊಂದು ಬೇಸಿಗೆ ಇದರ ಕೊಕ್ಕೆಗೆ ಸಿಕ್ಕಿಸಿದ್ದೆಲ್ಲ
ಪರರ ಗಂಟು. ತಲೆಗೆ ಇಪ್ಪತ್ತೈದು ಕಿಲೋ.
ಮೇಲೆ ನಮ್ಮ ಹೊದಿಕೆ, ನಮ್ಮ ರೊಟ್ಟಿ:
ಅದು ಲೆಕ್ಕಕ್ಕಿಲ್ಲ.

ಏನೇನು ಹೊತ್ತಿಲ್ಲ ಹೇಳಿ.
ಸೀಮೆಎಣ್ಣೆ, ಹಗ್ಗದ ಸುರುಳಿ, ಕಾಫಿ ಸೋಸುವ ಯಂತ್ರ,
ಒಂದು ಸಲ ಇನ್ನೂರು ಮೊಟ್ಟೆ, ಹೊಟ್ಟಿನಲ್ಲಿ ಹೂತು,
ಹಿಮನದಿಯ ಬಿರುಕುಗಳನ್ನು ಬಾಣಂತಿಯ ಹಾಗೆ ದಾಟಿ
ಒಂದೂ ಒಡೆಯದೆ ಇಳಿಸಿದೆ.
ಸರಿ, ಮೂರು ಒಡೆದವು. ತಾಜ್‌ಮೀರ್ ಹಸಿಯಾಗಿಯೇ ಕುಡಿದ.

ಇನ್ನೊಂದು ಸಲ, ಇಳಿಯುವಾಗ,
ಒಬ್ಬನ ಬೂಟು, ಗಡಿಯಾರ, ಮಡಚಿದ ಪುಟದ ಪುಸ್ತಕ.
ಹದಿನಾಲ್ಕೇ ಕಿಲೋ. ಕೂಲಿ ಮಾತ್ರ ಪೂರ್ತಿ ಕೊಟ್ಟರು.
ಎಣಿಸದೆ ಜೇಬಿಗಿಟ್ಟೆ.

ಹೊತ್ತು ಹೊತ್ತೇ ಹೊತ್ತು ಹೋಯಿತು.
ಪಟ್ಟಿ ಯಾವತ್ತೂ ಯಾರದೋ ಕೈಬರಹ.
ಇವತ್ತು ಬೆಳಕಿಂಡಿಯ ಕೆಳಗೆ ಕಂಬಳಿ ಹಾಸಿ
ನನ್ನದೇ ಚೀಲದ ಮುಂದೆ ಕೂತಿದ್ದೇನೆ.
ಬಾಯಿ ತೆರೆದುಕೊಂಡು ಕೇಳುತ್ತಿದೆ: ನಿನಗೇನು ಬೇಕು?
ಗೊತ್ತಿಲ್ಲ ಮಾರಾಯ,
ಯಾರೂ ಕೇಳಿರಲಿಲ್ಲ.

ಹೋಗುವುದು ದೂರವೇನಲ್ಲ, ಯಾಕ್ ಮೇಯುವ ಬಯಲಿನಾಚೆ.
ನಕ್ಷೆಯಲ್ಲಿ ಅದಕ್ಕೆ ಬರೀ ಒಂದು ಅಂಕಿ.
ಅಮ್ಮ ಹಿಟ್ಟಿನ ಮೂಟೆ ಅನ್ನುತ್ತಿದ್ದಳು,
ಬಡಗಣ ಗಾಳಿಗೆ ಮೂಟೆಯ ಬಾಯಿಂದ ಹಿಟ್ಟು ಹಾರುತ್ತದೆ.
ಅದನ್ನು ಹತ್ತಲು ಯಾರೂ ಯಾರಿಗೂ ದುಡ್ಡು ಕೊಟ್ಟಿಲ್ಲ.

ಹಗ್ಗ ಎರಡು. ಒಂದು ಆಸ್ಟ್ರಿಯದವರು ಬಿಟ್ಟುಹೋದದ್ದು,
ಒಂದು ಗಿಲ್ಗಿಟ್ ಪೇಟೆಯದು, ಇನ್ನೂ ಆಡಿನ ವಾಸನೆ.
ಮಗಳ ತಲೆಯಲ್ಲಿ ಹೇನು ನೋಡಿದ ಹಾಗೆ
ಗೇಣು ಗೇಣಿಗೂ ಬೆರಳಾಡಿಸುತ್ತೇನೆ.
ನಡುವೆ ಒಂದೆಡೆ ಮೆತ್ತಗಿದೆ. ಅಲ್ಲಿಗೇ ಕತ್ತರಿಸಿದೆ,
ಉಳಿದದ್ದು ಸಾಕು.
ಬೂಟು ಕೊರಿಯದ್ದು, ನಲವತ್ನಾಲ್ಕು. ನನ್ನ ಕಾಲು ನಲವತ್ತೊಂದು.
ನಡುವಿನ ಮೂರನ್ನು ಯಾಕಿನ ಉಣ್ಣೆ ತುಂಬುತ್ತದೆ.
ಕ್ರ್ಯಾಂಪಾನಿನ ಹಲ್ಲುಗಳಿಗೆ ಅರ ಹಿಡಿದಾಯಿತು,
ಹರಿದ ಪಟ್ಟಿಗೆ ಸೈಕಲ್ಲಿನ ಟ್ಯೂಬು.
ಹಿಮಕ್ಕೆ ತಿರುಗಿಸುವ ಸ್ಕ್ರೂ ನಾಲ್ಕರಲ್ಲಿ ಒಂದು ಸೊಟ್ಟ,
ಅದು ಇಲ್ಲೇ ಇರಲಿ, ಅಂಗಿ ತೂಗುಹಾಕಲು.
ತಾಜ್‌ಮೀರನ ತಲೆಗೆ ಸುರಂಗ ತೋಡಿದ ಚೀನೀ ಕಂಪನಿಯ ಹಳದಿ ಟೋಪಿ.
ಚಂದ ಕಾಣುತ್ತಾನೆ, ಮದುಮಗ, ಇಂಜಿನಿಯರ್.

ಮೆಹರ್‌ನಿಗಾರ್ ಮಾತಾಡದೆ ಬಂದು
ಒಣಗಿಸಿದ ಮೊಸರಿನ ಉಂಡೆ, ಜರ್ದಾಳು ಬೀಜ ಇಟ್ಟು ಹೋದಳು.
ಮತ್ತೆ ಬಂದು ಅರ್ಧದಷ್ಟು ವಾಪಸು ತೆಗೆದಳು,
ಮತ್ತೆ ಇಟ್ಟಳು.

ಝರ್‌ಗುಲ್ ಶಾಲೆಯ ನೋಟುಬುಕ್ಕಿನಲ್ಲಿ ಬರೆಯುತ್ತಾಳೆ:
ಒಲೆ ಒಂದು. ಬೆಂಕಿಪೊಟ್ಟಣ ಮೂರು, ಬೇರೆಬೇರೆ ಜೇಬು.
ಬ್ಯಾಟರಿ ಆರು, ಅಪ್ಪನ ಕಂಕುಳಲ್ಲಿ.
ಚೀಲ ಎತ್ತಿ ಕೊಕ್ಕೆಗೆ ಸಿಕ್ಕಿಸಿದೆವು. ಹತ್ತೊಂಬತ್ತೂವರೆ.
"ಇನ್ನೂ ಐದೂವರೆ ಜಾಗ ಇದೆ ಅಪ್ಪ," ಅಂದಳು,
ಇಪ್ಪತ್ತೈದು ಅನ್ನುವುದು ದೇವರು ಹಾಕಿದ ಗೆರೆ ಅನ್ನೋ ಹಾಗೆ.
ನಗಬೇಕೆಂದುಕೊಂಡೆ. ಆದರೆ ನನ್ನ ಬೆನ್ನೂ
ಅದನ್ನೇ ಹೇಳುತ್ತಿತ್ತು. ಹಗುರವನ್ನು ಅದು ನಂಬುವುದಿಲ್ಲ,
ಏನೋ ಮರೆತಿದ್ದೀಯ ಅನ್ನುತ್ತದೆ.

ಆಗ ಕಣ್ಣಿಗೆ ಬಿದ್ದದ್ದು
ಅಟ್ಟದ ಕೆಳಗೆ, ಕೋಳಿ ಕೂರುವ ಆ ಮಡಚುವ ಕುರ್ಚಿ.
ಯಾವುದೋ ತಂಡ ಎಸೆದು ಹೋದದ್ದು, ಒಂದು ಕಾಲು ಸೊಟ್ಟ.
ಅಂಥ ಎಷ್ಟು ಕುರ್ಚಿ ಮೇಲಕ್ಕೇರಿಸಿಲ್ಲ ನಾನು!
ಸಂಜೆ ಅದರಲ್ಲಿ ಕೂತು ಅವರು ಬೆಟ್ಟ ನೋಡುವಾಗ
ನಾನು ಡೇರೆಯ ಹಿಂದೆ ಪಾತ್ರೆಗೆ ಮರಳು ಹಾಕುತ್ತಿದ್ದೆ.

"ಹುಚ್ಚಾ ನಿನಗೆ?" ತಾಜ್‌ಮೀರ್ ಕೇಳಿದ.
ಬಯಲಿನವರೆಗೆ ಅಷ್ಟೇ, ಅಂದೆ. ಒಂದು ಸಂಜೆ.
"ನನಗೂ ಕೊಡಬೇಕು."
ಸರದಿ ಮೇಲೆ, ಅಂದೆ.

ಕೋಳಿಯ ಹಿಕ್ಕೆ ಕೆರೆದು ಚೀಲದ ಹೊರಗೆ ಬಿಗಿದೆ.
ಝರ್‌ಗುಲ್ ಪೆನ್ಸಿಲ್ ನಾಲಿಗೆಗೆ ತಾಗಿಸಿ ಬರೆದಳು: ಕುರ್ಚಿ ಒಂದು.
ತಕ್ಕಡಿ ಇಪ್ಪತ್ತೊಂದೂವರೆ ಅಂತು.
ಅದರ ಸುಳ್ಳು ಕಳೆದರೆ
ಇಪ್ಪತ್ತೊಂದು.